ಓಕ್ ಬ್ರೂಕಿಗೆ ಜಂಬೂಸವಾರಿ

"ಕೈ ತೆಗಿ."

ರಘೋತ್ತಮ ತೆಗೆಯಲಿಲ್ಲ. ಅವನ ಬೆರಳುಗಳು ಮೇಲಿನ ಮೆಟ್ಟಿಲಿನಲ್ಲಿದ್ದ ಮರದ ಹೆಂಗಸಿನ ಸೊಂಟವನ್ನು ಹಿಡಿದಿದ್ದವು. ಕೌಸಲ್ಯತ್ತೆಯ ಸೌಟು ಅವನ ಮಣಿಕಟ್ಟನ್ನು ಒತ್ತಿ ಹಿಡಿದಿತ್ತು. ಸೌಟಿನಲ್ಲಿದ್ದ ಶಾವಿಗೆ ಪಾಯಸ ಅವನ ಇಸ್ತ್ರಿ ಮಾಡಿದ ಅಂಗಿಯ ತೋಳಿನೊಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಪಾಯಸ ಬಿಸಿಯಾಗಿತ್ತು.

"ಅತ್ತೆ, ಇದು ನನ್ನದು."

"ನಿನ್ನೆವರೆಗೂ ನಿನ್ನದು. ಬೆಳಿಗ್ಗೆ ಆರತಿ ಆಯ್ತು. ಈಗ ಇವಳು ಪಟ್ಟದ ರಾಣಿ. ಕೈ ತೆಗಿ ಅಂದೆ."

"ನನ್ನ ಸೂಟ್‌ಕೇಸ್ ತೆಗೆದಿದ್ದು ಯಾರು?"

"ನಾನೇ. ಮಷೀನ್ ಹಾಕ್ತಿದ್ದೆ, ನಿನ್ನ ಕೊಳೆ ಬಟ್ಟೆನೂ ಸೇರಿಸೋಣ ಅಂತ ತೆಗೆದೆ. ನಿನ್ನ ಬನೀನುಗಳ ಮಧ್ಯೆ ಈ ಮಹಾತಾಯಿ ಮಲಗಿದ್ಲು, ಮೈಮೇಲೆ ನಾಲ್ಕು ಎಲೆ ಬಿಟ್ರೆ ಏನೂ ಇಲ್ಲ. ಸೀರೆ ಉಡಿಸಿ ನಿನ್ನ ಮರ್ಯಾದೆ ಉಳಿಸಿದೀನಿ. ಥ್ಯಾಂಕ್ಸ್ ಹೇಳು."

ರಘೋತ್ತಮ ಇನ್ನೊಂದು ಕೈಯಿಂದಲೂ ಬೊಂಬೆಯನ್ನು ಹಿಡಿದ.

ಅಂದು ಶನಿವಾರ, ನವರಾತ್ರಿಯ ಮೊದಲ ದಿನ. ಶಿಕಾಗೋದಿಂದ ಐದು ಗಂಟೆ ದಾರಿಯ ಪ್ಲಿಮತ್ತಿನ ಆ ಮನೆಯ ಲಿವಿಂಗ್ ರೂಮಿನಲ್ಲಿ ಸೂಟ್‌ಕೇಸಿನ ಮೇಲೆ ಸೂಟ್‌ಕೇಸು, ಅದರ ಮೇಲೆ ಟಿ.ವಿ. ಬಂದಿದ್ದ ರಟ್ಟಿನ ಪೆಟ್ಟಿಗೆ, ಎಲ್ಲವನ್ನೂ ಮುಚ್ಚಿದ ಒಂದು ಬಿಳಿ ಹೊದಿಕೆ. ಇವು ಬೊಂಬೆ ಹಬ್ಬದ ಮೆಟ್ಟಿಲುಗಳು. ಕೆಳಗೆ ಗರಾಜ್ ಸೇಲಿನಲ್ಲಿ ತಂದ ಪಿಂಗಾಣಿ ನಾಯಿ, ಕಿವಿ ಮುರಿದ ಮೊಲ, ಬ್ಯಾಟರಿ ಸತ್ತ ರೋಬೋಟು. ಮೇಲೆ ರಾಜ, ರಾಣಿ. ಮೈಸೂರಿನ ಮನೆಗಳಲ್ಲಿ ಆ ಜಾಗದಲ್ಲಿ, ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಬೊಂಬೆಗಳ ಜೋಡಿ ಕೂರುತ್ತದೆ. ಕೌಸಲ್ಯತ್ತೆಯ ಜೋಡಿಯನ್ನು ಅವಳ ಓರಗಿತ್ತಿ, ಸಮುದ್ರ ದಾಟಿದರೆ ಬೊಂಬೆಗೆ ಮೈಲಿಗೆ ಎಂದು ಹೇಳಿ ಮೈಸೂರಿನಲ್ಲೇ ಇಟ್ಟುಕೊಂಡಿದ್ದಳು. ಆ ಸಿಟ್ಟು ಪ್ರತಿ ನವರಾತ್ರಿಗೂ ಹೊಸ ಸೀರೆ ಉಟ್ಟು ಬರುತ್ತಿತ್ತು.

ಈ ಸಲ ರಾಣಿ ಸಿಕ್ಕಿದ್ದಳು. ರಾಜನ ಜಾಗದಲ್ಲಿ ಅತ್ತೆಯ ಗಂಡ ಶೇಷಗಿರಿ ಮಾವನ ಬೌಲಿಂಗ್ ಟ್ರೋಫಿ ಇತ್ತು. ಬಗ್ಗಿ, ಒಂದು ಕಾಲು ಹಿಂದಕ್ಕೆ ಚಾಚಿ, ಚೆಂಡು ಉರುಳಿಸಲು ಹೊರಟಿದ್ದ ಹಿತ್ತಾಳೆಯ ಮನುಷ್ಯ. ರೇಷ್ಮೆಯ ತುಂಡು ಸುತ್ತಿ ತಲೆಗೆ ಜರಿಯ ಪೇಟ ಕಟ್ಟಿದ ಮೇಲೆ, ಅವನು ರಾತ್ರಿ ತಡವಾಗಿ ಬಂದು ಹೆಂಡತಿಯ ಕಾಲು ಹಿಡಿಯುತ್ತಿರುವ ರಾಜನ ಹಾಗೆ ಕಾಣುತ್ತಿದ್ದ. ಕೌಸಲ್ಯತ್ತೆಗೆ ಅದರಲ್ಲಿ ಕುಂದೇನೂ ಕಂಡಿರಲಿಲ್ಲ.

"ವಿಜಯದಶಮಿ ರಾತ್ರಿ ಇಬ್ಬರನ್ನೂ ಮಲಗಿಸ್ತೀನಿ. ಮಾರನೇ ದಿನ ನಿನ್ನ ಕೈಗೆ ಕೊಡ್ತೀನಿ. ಕೂರಿಸಿದ ಪಟ್ಟದ ಬೊಂಬೆ ಕದಲಿಸಿದ್ರೆ ಮನೆಗೆ ಒಳ್ಳೇದಲ್ಲ."

"ನನಗೆ ಇವತ್ತೇ ಬೇಕು. ಸಂಜೆ ಓಕ್ ಬ್ರೂಕಲ್ಲಿ ಕೊಡಬೇಕು."

"ಯಾರಿಗೆ?"

ರಘೋತ್ತಮ ಸೌಟನ್ನು ನೋಡಿದ. ಸೌಟಿನ ಆಚೆಗಿದ್ದ ಮುಖವನ್ನು ನೋಡಿದ. ಕೌಸಲ್ಯತ್ತೆ ಅವನ ಅಪ್ಪನ ಚಿಕ್ಕಪ್ಪನ ಮಗಳು. ವಾರ ತಪ್ಪಿದರೂ ಅವಳು ಮೈಸೂರಿಗೆ ಬರೆಯುವ ನೀಲಿ ಏರೋಗ್ರಾಮು ತಪ್ಪುತ್ತಿರಲಿಲ್ಲ. ಹುಡುಗಿ ಎಂಬ ಒಂದು ಪದ ಇವಳ ಕಿವಿಗೆ ಬಿದ್ದರೆ ಸಾಕು, ಹುಡುಗಿಯ ಅಪ್ಪನಿಗಿಂತ ಮೊದಲು ತನ್ನ ಅಪ್ಪನಿಗೆ ತಿಳಿಯುತ್ತದೆ.

"ನಮ್ಮ ಪ್ರೊಫೆಸರ್‌ಗೆ" ಎಂದ.

ಆ ಸುಳ್ಳು ಹೇಳುವುದು ಅವನಿಗೆ ಬಹಳ ಸುಲಭವಾಯಿತು.

ನಿಜ ಹೀಗಿತ್ತು. ರಘೋತ್ತಮ ಎರಡು ವರ್ಷ ಹವಾಯಿಯ ಹೊನೊಲುಲುವಿನಲ್ಲಿ ಬಂದರು ಕಟ್ಟುವ ಎಂಜಿನಿಯರಿಂಗ್ ಓದಿದ್ದ. ಅಂಥ ದ್ವೀಪದಲ್ಲಿ ಯಾರಾದರೂ ಓದುತ್ತಾರೆ ಎಂದು ಊರಿನವರು ನಂಬಿರಲಿಲ್ಲ. "ಅಲ್ಲಿಯ ವಿಶೇಷ ಏನಾದರೂ ಕಳಿಸು" ಎಂದು ಪ್ರತಿ ಕಾಗದವೂ ಮುಗಿಯುತ್ತಿತ್ತು. ಅವನು ಶನಿವಾರಗಳಂದು ಕಡಲ ದಂಡೆಯ ಸಂತೆಗೆ ಹೋಗಿ, ಅಲ್ಲಿಯ ವಿಶೇಷಗಳನ್ನೆಲ್ಲ ಮನಸಾರೆ ದ್ವೇಷಿಸಿ ಬರಿಗೈಯಲ್ಲಿ ಬರುತ್ತಿದ್ದ. ಕನ್ನಡಕ ಹಾಕಿದ ತೆಂಗಿನಚಿಪ್ಪಿನ ಕೋತಿ. ಅನಾನಸಿನ ಆಕಾರದ ಬೂದಿಬಟ್ಟಲು. ಗುಂಡಿ ಒತ್ತಿದರೆ ಸೊಂಟ ಕುಣಿಸುವ ಪ್ಲಾಸ್ಟಿಕ್ ಹುಡುಗಿ. ಒಮ್ಮೆ ತಾಯಿಗೆಂದು ಕವಡೆಯ ಸರ ಕೊಂಡು, ತಾಯಿ ಅದನ್ನು ಹಾಕಿಕೊಂಡು ರಾಘವೇಂದ್ರಸ್ವಾಮಿ ಮಠಕ್ಕೆ ಹೋಗುವುದನ್ನು ಕಲ್ಪಿಸಿಕೊಂಡು, ತಕ್ಷಣ ವಾಪಸು ಕೊಡಲು ಹೋದ. ಅಂಗಡಿಯವಳು ಒಪ್ಪಲಿಲ್ಲ. ಇವನು ಇಂಗ್ಲಿಷಿನಲ್ಲಿ ಜಗಳವಾಡಿ ಸೋತು ಕನ್ನಡದಲ್ಲಿ ಗೊಣಗಿದ.

"ಆ ಪದ ನಮ್ಮಜ್ಜಿ ಹೇಳ್ತಿದ್ರು" ಎಂದಳು ಹಿಂದೆ ನಿಂತಿದ್ದ ಹುಡುಗಿ. "ಅವರು ಹೋದಮೇಲೆ ಕೇಳೇ ಇರಲಿಲ್ಲ."

ಅವಳು ಮಂಜರಿ. ಶಿಕಾಗೋ ಪಕ್ಕದ ಓಕ್ ಬ್ರೂಕಿನ ಡಾಕ್ಟರ್ ಚಂದ್ರಮೌಳಿಯವರ ಒಬ್ಬಳೇ ಮಗಳು, ಒಂದು ವರ್ಷದ ಮಟ್ಟಿಗೆ ಸಸ್ಯಶಾಸ್ತ್ರ ಓದಲು ಅಲ್ಲಿಗೆ ಬಂದವಳು. ಅವನಿಗೆ ವ್ಯಾಪಾರ ಬರುವುದಿಲ್ಲ ಎಂದು ಅಂದೇ ಹೇಳಿದಳು. ಮುಂದಿನ ಶನಿವಾರಗಳಲ್ಲಿ ಇಬ್ಬರೂ ಕೂಡಿ ಸಂತೆ ಸುತ್ತಿದರು. ಅವಳು ಚೌಕಾಸಿ ಮಾಡುವಳು, ಅವನು ಸಿಟ್ಟು ಮಾಡುವನು. ಅಂಗಡಿಯವರಿಗೆ ಇಬ್ಬರೂ ಅಭ್ಯಾಸವಾದರು.

ಅವಳು ಹೊರಡುವ ಮುಂಚಿನ ಶನಿವಾರ, ಓಲೆಯ ಟೊಪ್ಪಿಯ ಒಬ್ಬ ಮುದುಕನ ಹತ್ತಿರ ಆ ಜೋಡಿ ಸಿಕ್ಕಿತು. ಗಂಡಿನ ಕೈಯಲ್ಲಿ ದೋಣಿಯ ಹುಟ್ಟು, ಹೆಣ್ಣಿನ ಮಡಿಲಲ್ಲಿ ಸೋರೆಬುರುಡೆಯ ವಾದ್ಯ. ಒಂದೇ ದಿಮ್ಮಿಯಲ್ಲಿ ಕೆತ್ತಿದ್ದು. ಪೀಠಗಳನ್ನು ಪಕ್ಕಪಕ್ಕ ತಂದರೆ ಒಂದರ ಹಲ್ಲು ಇನ್ನೊಂದರ ಕಚ್ಚಿನಲ್ಲಿ ಟಕ್ ಎಂದು ಕೂರುತ್ತಿತ್ತು. ಮಂಜರಿ ಮರವನ್ನು ಮೂಸಿ "ಮಳೆಮರ" ಎಂದಳು. ಮೈಸೂರಿನ ರಸ್ತೆಗಳ ಪಕ್ಕ ನಿಂತಿರುವ ಅದೇ ಮರ. ಅಷ್ಟು ದೂರ ಬಂದು ಅವನು ಮೆಚ್ಚಿದ ಒಂದೇ ವಸ್ತು ತನ್ನ ಮನೆಯ ಬೀದಿಯ ಮರದ್ದು ಎಂದು ತಿಳಿದು ಅವನಿಗೆ ಮತ್ತೆ ಸಿಟ್ಟು ಬಂತು. ಅವಳು ನಕ್ಕಳು. ಗಂಡನ್ನು ತಾನು ಇಟ್ಟುಕೊಂಡು ಹೆಣ್ಣನ್ನು ಅವನಿಗೆ ಕೊಟ್ಟಳು.

"ನೀನು ನಮ್ಮನೆಗೆ ಬರಬೇಕು. ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ನಿನ್ನ ಪರವಾಗಿ ನಾನು ಹೇಳಲ್ಲ. ನೀನು ಹೇಳಿ ಇವಳನ್ನ ಕೊಟ್ರೆ, ನಾನು ಎರಡನ್ನೂ ಒಟ್ಟಿಗೆ ಹಿಡ್ಕೊಂಡು ಅಪ್ಪನ ಮುಂದೆ ನಿಲ್ತೀನಿ. ಅದೇ ನನ್ನ ಉತ್ತರ."

ಈಗ ಅವನು ಪ್ಲಿಮತ್ತಿನ ಒಂದು ಕಂಪನಿಯ ಇಂಟರ್‌ವ್ಯೂಗೆ ಬಂದು ಅತ್ತೆಯ ಮನೆಯಲ್ಲಿಳಿದಿದ್ದ. ಇಂಟರ್‌ವ್ಯೂ ನಿನ್ನೆ ಮುಗಿದಿತ್ತು. ಇವತ್ತು ಸಂಜೆ ಅಪ್ಪ ಮನೆಯಲ್ಲಿರುತ್ತಾರೆ, ಬಾ ಎಂದು ಮಂಜರಿ ಫೋನಿನಲ್ಲಿ ಹೇಳಿದ್ದಳು. ಬೆಳಗಿನ ಬಸ್ಸಿಗೆ ಅವನು ಟಿಕೆಟ್ಟು ತೆಗೆದಿದ್ದ. ಅವನ ಅಂಗಿಯ ತೋಳಿನಲ್ಲಿ ಶಾವಿಗೆ ಇತ್ತು.

ಶೇಷಗಿರಿ ಮಾವ ಕಾಫಿ ಲೋಟ ಹಿಡಿದು ಮಹಡಿಯಿಂದ ಇಳಿದು ಬಂದ. ಬೊಂಬೆಯ ಮೆಟ್ಟಿಲುಗಳನ್ನು ನೋಡಿದ. ಲೋಟವನ್ನು ಕೆಳಗಿಟ್ಟ.

"ಕೌಸಲ್ಯಾ, ಇದು ಯಾರು?"

"ರಾಜ."

"ಇದು ನನ್ನ ಟ್ರೋಫಿ."

"ಆಗಿತ್ತು."

"ನಂದೂ ಅಲ್ಲ ಕಣೇ, ಇದು ರೋಲಿಂಗ್ ಟ್ರೋಫಿ. ವರ್ಷಕ್ಕೊಬ್ಬರ ಮನೇಲಿ ಇರತ್ತೆ. ಸೋಮವಾರ ಆಫೀಸಲ್ಲಿ ವಾಪಸ್ ಕೊಡಬೇಕು."

"ದಶಮಿ ಆದಮೇಲೆ ಕೊಡಿ."

"ನನ್ನ ಬಾಸ್‌ಗೆ ದಶಮಿ ಅಂದ್ರೆ ಏನು ಅಂತ ಹೇಳ್ಲಿ?"

"ಹತ್ತನೇ ದಿನ ಅಂತ ಹೇಳಿ."

ಶೇಷಗಿರಿ ಮಾವ ಟ್ರೋಫಿಯ ಕಡೆ ಕೈ ಚಾಚಿದ. ಸೌಟು ರಘೋತ್ತಮನನ್ನು ಬಿಟ್ಟು ಅವನ ಕಡೆ ತಿರುಗಿತು. ಇಬ್ಬರು ಗಂಡಸರೂ ಒಟ್ಟಿಗೆ ಕೂಗಾಡಿದರು. ಒಬ್ಬನು ತನ್ನ ಕೆಲಸ ಹೋಗುತ್ತದೆ ಎಂದ, ಇನ್ನೊಬ್ಬನು ತನ್ನ ಬಸ್ಸು ಹೋಗುತ್ತದೆ ಎಂದ. ಕೌಸಲ್ಯತ್ತೆ ಇಬ್ಬರಿಗೂ ಪಾಯಸ ಬಡಿಸಿದಳು. ಜಗಳದ ನಡುವೆ ಬಸ್ಸು ನಿಜವಾಗಿಯೂ ಹೋಯಿತು.

ಆಗ ರಘೋತ್ತಮನಿಗೆ ಒಂದು ಉಪಾಯ ಹೊಳೆಯಿತು. ಅದು ಹೊಳೆಯದಿದ್ದರೆ ಚೆನ್ನಾಗಿತ್ತು.

"ಅತ್ತೆ, ಮಹಾರಾಜರು ದಸರಾದಲ್ಲಿ ಅರಮನೆ ಬಿಟ್ಟು ಹೊರಗೆ ಬರ್ತಿರಲಿಲ್ವಾ?"

"ಬರ್ತಿದ್ರು. ಜಂಬೂಸವಾರಿ."

"ಅಂದ್ರೆ ಕೂತ ರಾಜ ಸವಾರಿ ಹೋಗಬಹುದು."

"ಅದು ದಶಮಿ ದಿನ ಕಣೋ."

"ಶಿಕಾಗೋದಲ್ಲಿ ಟೈಮೇ ಬೇರೆ ಅತ್ತೆ."

ಕೌಸಲ್ಯತ್ತೆ ಸೌಟನ್ನು ಕೆಳಗಿಳಿಸಿದಳು. ಅವಳು ಯೋಚಿಸುತ್ತಿದ್ದುದು ಶಾಸ್ತ್ರವನ್ನಲ್ಲ.

"ಓಕ್ ಬ್ರೂಕ್ ಅಂದ್ಯಲ್ಲ. ನಮ್ಮ ವತ್ಸಲಾ ಮನೆ ಅಲ್ಲೇ. ಡಾಕ್ಟರ್ ಚಂದ್ರಮೌಳಿ ಹೆಂಡತಿ. ಯುಗಾದಿ ಕೂಟದಲ್ಲಿ ಸಿಕ್ಕಿದಾಗ, ನಮ್ಮನೇಲಿ ಒಂಬತ್ತು ಮೆಟ್ಟಿಲು ಬೊಂಬೆ ಇಡ್ತೀವಿ ರೀ, ನಿಮ್ಮನೇಲಿ ಎಷ್ಟು ಅಂತ ಎಲ್ಲರ ಮುಂದೆ ಕೇಳಿದ್ಲು. ಮೊದಲು ಅಲ್ಲಿಗೆ ಹೋಗೋಣ. ನಮ್ಮ ರಾಜ ರಾಣೀನೂ ಅವಳು ನೋಡ್ಲಿ. ನಿನ್ನ ಪ್ರೊಫೆಸರ್ ಬೇಕಾದ್ರೆ ಅಲ್ಲಿಗೇ ಬಂದು ಕೈಮುಗೀಲಿ."

ರಘೋತ್ತಮ ಪಾಯಸದ ಬಟ್ಟಲನ್ನು ಕೆಳಗಿಟ್ಟ. ಹೋಗಬೇಕಾದ ಮನೆಗೇ ಇವಳು ಕರೆದುಕೊಂಡು ಹೋಗುತ್ತಿದ್ದಾಳೆ. ಬೇಡ ಎನ್ನಲು ಕಾರಣವಿಲ್ಲ. ಹೂಂ ಎನ್ನಲು ಧೈರ್ಯವಿಲ್ಲ. ಅಷ್ಟರಲ್ಲಿ ಮಾವ ಸ್ಟೇಷನ್ ವ್ಯಾಗನ್ನಿನ ಕೀಲಿ ತಂದಿದ್ದ. ಟ್ರೋಫಿ ಕಣ್ಣು ತಪ್ಪಿ ಎಲ್ಲಿಗೂ ಹೋಗಕೂಡದು ಎಂದು ತಾನೇ ಡ್ರೈವ್ ಮಾಡಲು ನಿಂತ.

ಹೀಗೆ ಐ-94 ಹೆದ್ದಾರಿಯ ಮೇಲೆ ಜಂಬೂಸವಾರಿ ಹೊರಟಿತು. ಹಿಂದಿನ ಸೀಟಿನಲ್ಲಿ ಕೌಸಲ್ಯತ್ತೆ, ತೊಡೆಯ ಮೇಲೆ ಚಪಾತಿ ಮಣೆ, ಮಣೆಯ ಮೇಲೆ ರಾಜ ರಾಣಿ. ಕೂರಿಸಿದ ಬೊಂಬೆಯ ಮುಂದೆ ದೀಪ ಆರಬಾರದು. ಕಾರಿನಲ್ಲಿ ದೀಪ ಹಚ್ಚಿದರೆ ತಾನು ಇಳಿದುಬಿಡುತ್ತೇನೆ ಎಂದು ಮಾವ ಹೇಳಿದ್ದರಿಂದ, ಅವಳು ಗರಾಜಿನ ಟಾರ್ಚನ್ನು ಹಚ್ಚಿ ಹಿಡಿದಿದ್ದಳು. ಹಾಡುಹಗಲಿನಲ್ಲಿ ಟಾರ್ಚಿನ ಬೆಳಕು ಹಿತ್ತಾಳೆಯ ರಾಜನ ಬೆನ್ನಿಗೆ ಬಿದ್ದು, ಅಲ್ಲಿಂದ ಕನ್ನಡಿಗೆ ಹಾರಿ, ಮಾವನ ಕಣ್ಣಿಗೆ ಚುಚ್ಚುತ್ತಿತ್ತು.

"ಆರಿಸೇ ಅದನ್ನ."

"ನೀವು ರಸ್ತೆ ನೋಡಿ."

"ರಸ್ತೆ ಕಾಣ್ತಿಲ್ಲ ಅಂತಾನೇ ಹೇಳ್ತಿರೋದು."

ರಘೋತ್ತಮ ಮುಂದಿನ ಸೀಟಿನಲ್ಲಿ ಕೂತು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದ. 'ಸರ್, ನಾನು ಮಂಜರೀನ ಮದುವೆ ಆಗಬೇಕು ಅಂತಿದೀನಿ.' ಚಿಕ್ಕ ವಾಕ್ಯ. ಕಲಮಜೂ ಊರು ದಾಟುವ ಹೊತ್ತಿಗೆ 'ಸರ್' ಬದಲು 'ಅಂಕಲ್' ಹಾಕಿದ. ಆಮೇಲೆ ಅದನ್ನೂ ತೆಗೆದ. ಪ್ರತಿ ಸಲ ವಾಕ್ಯ ಸರಿಹೋಗುವ ಹೊತ್ತಿಗೆ ಹಿಂದಿನಿಂದ ಅತ್ತೆಯ ಮಾತು ಅದನ್ನು ಒರೆಸುತ್ತಿತ್ತು. ಅವಳ ಮಾತೆಲ್ಲ ಅವಳ ತಮ್ಮ ಸುರೇಶನ ಬಗ್ಗೆ.

"ನಿನ್ನ ಸುರೇಶ ಚಿಕ್ಕಪ್ಪನ್ನ ನೆನೆಸಿಕೊಂಡ್ರೆ ಹೊಟ್ಟೇಲಿ ಬೆಂಕಿ ಕಣೋ. ಇಟಾಸ್ಕಾದಲ್ಲಿ ಅಷ್ಟು ದೊಡ್ಡ ಆಫೀಸು, ಒಳ್ಳೇ ಅಪಾರ್ಟ್‌ಮೆಂಟು. ರಾತ್ರಿ ಊಟಕ್ಕೆ ಸೀರಿಯಲ್ ತಿಂತಾನೆ. ಒಂದು ಹೆಣ್ಣು ಕುದುರ್ತಿಲ್ಲ."

"ಅವನ ತಲೆಕೂದಲು ಕುದುರ್ತಿಲ್ಲ" ಎಂದ ಮಾವ.

"ನೀವು ರಸ್ತೆ ನೋಡಿ ಅಂದೆ."

ಇಂಡಿಯಾನಾದ ಗಡಿಯ ಹತ್ತಿರ ಟಾರ್ಚು ಮಂಕಾಯಿತು. ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ರಘೋತ್ತಮ ಬ್ಯಾಟರಿ ಕೊಂಡುಬಂದ. ಗಾಜು ಒರೆಸುತ್ತಿದ್ದವನು ಹಿಂದಿನ ಸೀಟಿಗೆ ಇಣುಕಿ, ಮಣೆಯ ಮೇಲಿನ ದಂಪತಿಗಳನ್ನು ನೋಡಿ, ಟೊಪ್ಪಿ ತೆಗೆದು, ಯಾರು ತೀರಿಹೋದರು ಎಂದು ಮೆಲ್ಲಗೆ ಕೇಳಿದ. ಮಾವ ತನ್ನ ಎದೆ ತೋರಿಸಿದ.

ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಹೊಗೆ ಕಾರಿನೊಳಗೆ ನುಗ್ಗಿದಾಗ ಕೌಸಲ್ಯತ್ತೆ ಸೆರಗನ್ನು ರಾಣಿಯ ಮೂಗಿಗೆ ಅಡ್ಡ ಹಿಡಿದಳು. ರಾಜನ ಮೂಗಿನ ಚಿಂತೆ ಯಾರಿಗೂ ಇರಲಿಲ್ಲ.

ಓಕ್ ಬ್ರೂಕಿನ ಮನೆಯ ಬಾಗಿಲು ತೆಗೆದವಳು ಮಂಜರಿ. ಹಸಿರು ಸೀರೆ ಉಟ್ಟಿದ್ದಳು. ಹೊನೊಲುಲುವಿನಲ್ಲಿ ಅವಳನ್ನು ಸೀರೆಯಲ್ಲಿ ನೋಡಿರದ ರಘೋತ್ತಮ, ಐದು ಗಂಟೆ ತಿದ್ದಿದ ವಾಕ್ಯವನ್ನು ಮರೆತ. ಅವಳು ನಕ್ಕಳು. ನಂತರ ಅವನ ಹಿಂದೆ ಟಾರ್ಚು ಹಿಡಿದು ಬರುತ್ತಿದ್ದ ಹೆಂಗಸನ್ನು ಕಂಡಳು. ಅವಳ ಕೈಯ ಮಣೆಯ ಮೇಲೆ ಸೀರೆ ಉಟ್ಟು ಕೂತ ತಮ್ಮ ಬೊಂಬೆಯನ್ನು ಕಂಡಳು. ಅದರ ಪಕ್ಕ ಬಗ್ಗಿ ನಿಂತಿದ್ದ ಹಿತ್ತಾಳೆಯ ಗಂಡನನ್ನು ಕಂಡಳು. ನಗು ಅರ್ಧದಲ್ಲಿ ನಿಂತಿತು.

"ಇದೇನು?" ಎಂದು ಅವನ ಕಿವಿಯ ಹತ್ತಿರ ಕೇಳಿದಳು.

"ಆಮೇಲೆ ಹೇಳ್ತೀನಿ."

"ಆಮೇಲೆ ಅಲ್ಲ. ಒಳಗೆ ಬಂದು ಹೇಳು. ಅಪ್ಪ ಕೂತಿದಾರೆ."

ಒಳಗೆ ಬಡಗಿಯಿಂದ ಮಾಡಿಸಿದ ಒಂಬತ್ತು ಮೆಟ್ಟಿಲುಗಳಿದ್ದವು. ಕೌಸಲ್ಯತ್ತೆ ಅವನ್ನು ಎಣಿಸಿದಳು; ಮತ್ತೊಮ್ಮೆ ಎಣಿಸಿದಳು. ಒಂಬತ್ತೇ ಇದ್ದವು. ವತ್ಸಲಾ ಅವಳು ಎಣಿಸಿ ಮುಗಿಸುವವರೆಗೆ ಕಾದು, ಆಮೇಲೆ ಅರಿಶಿನ ಕುಂಕುಮ ಕೊಟ್ಟಳು. ಸೋಫಾದಲ್ಲಿ ಡಾಕ್ಟರ್ ಚಂದ್ರಮೌಳಿ ಕೂತಿದ್ದರು. ತೆಳ್ಳಗಿನ, ಹೆಚ್ಚು ಮಾತಾಡದ ಮನುಷ್ಯ. ಬಂದವರ ಮುಖವನ್ನು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಕೌಸಲ್ಯತ್ತೆ ತಟ್ಟನೆ ನಿಂತಳು. ಎರಡನೆಯ ಮೆಟ್ಟಿಲಿನ ನಡುವೆ ಮೈಸೂರು ಪೇಟ ತೊಟ್ಟ ಒಂದು ಮರದ ಗಂಡು ಒಂಟಿಯಾಗಿ ನಿಂತಿತ್ತು. ಅದರ ಕೈಯ ಹುಟ್ಟಿಗೆ ಅಡುಗೆಮನೆಯ ಬೆಳ್ಳಿ ಕಾಗದ ಸುತ್ತಿ ರಾಜದಂಡ ಮಾಡಿದ್ದರು.

"ಅದು ಮಂಜರಿ ಹವಾಯಿಯಿಂದ ತಂದಿದ್ದು" ಎಂದಳು ವತ್ಸಲಾ. "ಈ ವರ್ಷದ ಹೊಸ ಬೊಂಬೆ. ಒಂಟಿ ಗಂಡನ್ನ ಇಡಬಾರದು ಕಣೇ ಅಂದೆ. ಇಡಮ್ಮ, ಹೆಣ್ಣು ಬರ್ತಾಳೆ ಅಂದ್ಲು."

ಕೌಸಲ್ಯತ್ತೆ ಮಣೆಯಿಂದ ರಾಣಿಯನ್ನು ಎತ್ತಿದಳು. ಗಂಡಿನ ಪಕ್ಕ ಇಟ್ಟಳು. ಟಕ್ ಎಂದು ಪೀಠ ಕೂತಿತು.

ಕೌಸಲ್ಯತ್ತೆ ಟ್ರೋಫಿಯ ರೇಷ್ಮೆ ಬಿಚ್ಚಿ, ಪೇಟ ಕಿತ್ತು, ಗಂಡನ ಕೈಗೆ ಕೊಟ್ಟಳು.

"ಕದಲಿಸಿದ್ರೆ ಮನೆಗೆ ಒಳ್ಳೇದಲ್ಲ ಅಂದ್ಯಲ್ಲ?" ಎಂದ ಮಾವ.

"ನಿಜವಾದ ಗಂಡ ಸಿಕ್ಕಿದ ಮೇಲೆ ಇವನ್ಯಾವನು?"

ಮಾವ ಟ್ರೋಫಿಯನ್ನು ತಬ್ಬಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತ. ಅವನ ಮಟ್ಟಿಗೆ ನವರಾತ್ರಿ ಮುಗಿಯಿತು. ಬೆಳಿಗ್ಗೆಯಿಂದ ತನ್ನನ್ನು ಕಟ್ಟಿಹಾಕಿದ್ದ ಶಾಸ್ತ್ರ ಹೀಗೆ ಒಂದು ಕೈಬೀಸಿನಲ್ಲಿ ಹಾರಿಹೋದದ್ದನ್ನು ಕಂಡು ರಘೋತ್ತಮನ ಕಿವಿಗಳು ಬಿಸಿಯಾದವು.

"ನೀವು ಹೊನೊಲುಲುನಲ್ಲಿ ಓದಿದ್ರಂತೆ" ಎಂದರು ಚಂದ್ರಮೌಳಿ. "ಈ ಬೊಂಬೆ ಯಾರಿಗೆ ಅಂತ ತಂದ್ರಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಮಾವನಾಗುವವನೂ ಕೇಳಲಾರ. ಮಂಜರಿ ಕಂಬಕ್ಕೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು. ವಾಕ್ಯ ಅವನ ಗಂಟಲಿಗೆ ಬಂತು. 'ಸರ್' ಬೇಕೋ 'ಅಂಕಲ್' ಬೇಕೋ ಎಂದು ಒಂದು ಕ್ಷಣ ತಡೆಯಿತು.

"ಅವನ ಪ್ರೊಫೆಸರ್‌ಗೆ" ಎಂದಳು ಕೌಸಲ್ಯತ್ತೆ. "ಬೆಳಿಗ್ಗೆಯಿಂದ ಪ್ರೊಫೆಸರ್ ಪ್ರೊಫೆಸರ್ ಅಂತ ನನ್ನ ಪ್ರಾಣ ತಿಂದಿದಾನೆ. ಅಲ್ವೇನೋ?"

ಎಲ್ಲರೂ ಅವನ ಕಡೆ ತಿರುಗಿದರು. ಅಲ್ಲ ಎಂದರೆ ತಾನು ಸುಳ್ಳುಗಾರ, ಅದೂ ಹೆಣ್ಣು ಕೇಳಲು ಬಂದ ಮನೆಯ ಹೊಸ್ತಿಲಲ್ಲಿ. ಮುಂದಿನ ವಾರದ ಏರೋಗ್ರಾಮು ಅವನ ಕಣ್ಣ ಮುಂದೆ ನೀಲಿಯಾಗಿ ಬಿಚ್ಚಿಕೊಂಡಿತು.

"ಹೌದು" ಎಂದ.

"ಯಾವ ಪ್ರೊಫೆಸರ್?" ಎಂದಳು ಮಂಜರಿ. ದನಿ ಮೆತ್ತಗಿತ್ತು.

"ನಿಮಗೆ ಗೊತ್ತಿಲ್ಲ."

"ಆ ಕ್ಯಾಂಪಸ್ಸಲ್ಲಿ ನನಗೆ ಗೊತ್ತಿಲ್ಲದ ಪ್ರೊಫೆಸರ್ ಯಾರು?"

"ಈ ಊರಲ್ಲಿದ್ರೆ ನನ್ನ ಪೇಷೆಂಟ್ ಆಗಿರಬಹುದು" ಎಂದರು ಚಂದ್ರಮೌಳಿ. "ಹೆಸರು ಹೇಳಿ. ಫೋನ್ ಮಾಡಿ ಇಲ್ಲಿಗೇ ಕರೆಯೋಣ."

"ಆಂಡರ್ಸನ್. ಊರಲ್ಲಿಲ್ಲ."

"ಊರಲ್ಲಿಲ್ಲದೋರಿಗೆ ಇವತ್ತೇ ಕೊಡಬೇಕು ಅಂತ ನಮ್ಮನ್ನೆಲ್ಲ ಹೊರಡಿಸಿದ್ಯಾ?" ಎಂದಳು ಕೌಸಲ್ಯತ್ತೆ. ಆದರೆ ಅವಳ ಸಿಟ್ಟಿನಲ್ಲಿ ಸತ್ವವಿರಲಿಲ್ಲ. ಅವಳ ಕಣ್ಣು ಮಂಜರಿಯ ಮೇಲಿತ್ತು. ಹಸಿರು ಸೀರೆಯನ್ನು ಅಂಚಿನಿಂದ ಸೆರಗಿನವರೆಗೆ ನೋಡಿ ಮುಗಿಸಿ ಅವಳು ವತ್ಸಲಾಳ ಕೈ ಹಿಡಿದಳು.

"ವತ್ಸಲಾ, ನೋಡ್ರೀ. ನಮ್ಮನೆ ಬೊಂಬೆ, ನಿಮ್ಮನೆ ಬೊಂಬೆ. ಎಲ್ಲಿಯ ದ್ವೀಪ, ಎಲ್ಲಿಯ ಮರ. ನವರಾತ್ರಿ ಮೊದಲ ದಿನವೇ ಹೇಗೆ ಕೂಡಿಕೊಂಡ್ವು ನೋಡಿ. ಅಮ್ಮನವರು ಇದಕ್ಕಿಂತ ಬಿಡಿಸಿ ಇನ್ನೇನು ಹೇಳಬೇಕು? ನನ್ನ ತಮ್ಮ ಇದಾನೆ, ಸುರೇಶ. ಇಲ್ಲೇ ಇಟಾಸ್ಕಾ. ನಮ್ಮದು ಕೌಶಿಕ ಗೋತ್ರ. ನಿಮ್ಮದು?"

"ಭಾರದ್ವಾಜ" ಎಂದಳು ವತ್ಸಲಾ. ಅವಳಿಗೆ ಮಾತು ರುಚಿಸಿತ್ತು.

ಕೌಶಿಕ ಗೋತ್ರ ರಘೋತ್ತಮನದೂ ಹೌದು. ಅವನನ್ನು ಯಾರೂ ಕೇಳಲಿಲ್ಲ.

"ಇದೇನು ಹೀಗೆ, ನಿಂತ ಕಾಲಲ್ಲಿ" ಎಂದರು ಚಂದ್ರಮೌಳಿ. "ಮಂಜರಿ, ನೀನೇನಂತೀಯಾ?"

ಮಂಜರಿ ರಘೋತ್ತಮನನ್ನು ನೋಡಿದಳು. ಅವನು ನೆಲದ ಕಾರ್ಪೆಟ್ಟಿನಲ್ಲಿ ಏನನ್ನೋ ಹುಡುಕುತ್ತಿದ್ದ.

"ಆಂಟಿ, ನಿಮ್ಮ ತಮ್ಮನಿಗೆ ಯಾರಾದ್ರೂ ಪ್ರೊಫೆಸರ್ ಇದಾರಾ?"

"ಯಾರೂ ಇಲ್ಲಮ್ಮ. ಒಬ್ಬನೇ ಇರೋದು."

"ಹಾಗಿದ್ರೆ ಬರಲಿ."

ಕೌಸಲ್ಯತ್ತೆ ಅಷ್ಟರಲ್ಲಿ ಫೋನಿನ ಹತ್ತಿರವಿದ್ದಳು. ಇಟಾಸ್ಕಾದಲ್ಲಿ ಸುರೇಶನು ಸೀರಿಯಲ್ಲಿಗೆ ಹಾಲು ಹಾಕುತ್ತಿದ್ದನಂತೆ. ಹಾಲು ಹಾಗೇ ಬಿಟ್ಟು, ಟೈ ಕಟ್ಟಿ, ತಕ್ಷಣ ಹೊರಡು ಎಂದು ಅವಳು ಅಪ್ಪಣೆ ಮಾಡಿದಳು. ಫೋನಿಟ್ಟು ಬಂದು, ಆ ಮನೆಗೆ ಅಳಿಯನಾಗದೆ ಉಳಿದ ಅಣ್ಣನ ಮಗನ ಬೆನ್ನು ತಟ್ಟಿದಳು.

"ಎಲ್ಲಾ ನಿನ್ನಿಂದ ಆಯ್ತು ಕಣೋ ರಘು. ನೀನು ಆ ಬೊಂಬೆ ತರದಿದ್ರೆ ಎಲ್ಲಿ ಆಗ್ತಿತ್ತು? ಏನು ನಿಂತಿದೀಯಾ, ನಮಸ್ಕಾರ ಮಾಡು. ಇನ್ಮೇಲೆ ಇವಳು ನಿನಗೆ ಚಿಕ್ಕಮ್ಮ."

ಬೆಳಿಗ್ಗೆಯಿಂದ ಕೂಡಿಟ್ಟಿದ್ದೆಲ್ಲ ಆಗ ಒಡೆಯಿತು.

"ಆ ಬೊಂಬೆ ನನ್ನದು" ಎಂದು ರಘೋತ್ತಮ ಕೂಗಿದ. ತನ್ನ ಸೂಟ್‌ಕೇಸು ತೆಗೆಯಲು ಇವರ್ಯಾರು ಎಂದ. ತಾನು ಕೊಂಡ ವಸ್ತುವಿಗೆ ಇವರು ಸೀರೆ ಉಡಿಸುತ್ತಾರೆ, ಬೌಲಿಂಗ್ ಆಡುವವನಿಗೆ ಕೊಟ್ಟು ಮದುವೆ ಮಾಡುತ್ತಾರೆ, ಕದಲಿಸಬಾರದು ಎನ್ನುತ್ತಾರೆ, ಬೇಕಾದಾಗ ತಾವೇ ಕದಲಿಸುತ್ತಾರೆ ಎಂದ. ಬಸ್ಸಿನ ವಿಷಯ ಹೇಳಿದ. ಟಾರ್ಚಿನ ವಿಷಯ ಹೇಳಿದ. ಅಂಗಿಯ ತೋಳು ಮಡಿಸಿ ಒಣಗಿದ ಶಾವಿಗೆ ತೋರಿಸಿದ. ಅವನು ಇಷ್ಟು ಚೆನ್ನಾಗಿ ಮಾತಾಡಬಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಮೂಲೆಯಲ್ಲಿದ್ದ ಮಾವ ಕೂಡ ತಲೆದೂಗಿದ.

ಮಂಜರಿ ಪೂರ್ತಿ ಕೇಳಿದಳು. ಅಷ್ಟು ಮಾತಿನಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ.

ಅವಳು ಮೆಟ್ಟಿಲುಗಳ ಹತ್ತಿರ ಹೋದಳು. "ಆರತಿ ಆಗಿದೆ ಕಣೇ" ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಹೇಳಿದರು. ಅವಳು ಬೆಸೆದುಕೊಂಡಿದ್ದ ಜೋಡಿಯನ್ನು ಹಾಗೆಯೇ ಎರಡೂ ಕೈಯಲ್ಲಿ ಎತ್ತಿಕೊಂಡಳು. ಪೇಟ ಜಾರಿ ಕೆಳಗೆ ಬಿತ್ತು. ರಾಜದಂಡದ ಬೆಳ್ಳಿ ಕಾಗದ ಕಿತ್ತುಬಂದು, ಒಳಗಿನಿಂದ ಹುಟ್ಟು ಕಾಣಿಸಿತು. ಎರಡನ್ನೂ ಎದೆಗೆ ಒತ್ತಿ ಹಿಡಿದು ಅವಳು ನಡೆದು ಬಂದು ಅಪ್ಪನ ಮುಂದೆ ನಿಂತಳು. ನಿಂತು ರಘೋತ್ತಮನ ಕಡೆ ತಿರುಗಿದಳು.

"ತಗೋ" ಎಂದಳು. ಅಷ್ಟು ಜನರ ಮುಂದೆ ಅವನನ್ನು ಏಕವಚನದಲ್ಲಿ ಕರೆದಳು. ಚಂದ್ರಮೌಳಿಯವರು ಕನ್ನಡಕ ತೆಗೆದು ಮಗಳ ಮುಖ ನೋಡಿದರು. "ಇದೇ ಕೊನೇ ಸಲ ಕೇಳ್ತಿರೋದು. ನಿನಗೆ ಬೇಕಾ?"

ಸಂತೆಯಲ್ಲಿ ಅವಳು ಹೇಳಿದ್ದ ಮಾತು ರಘೋತ್ತಮನಿಗೆ ನೆನಪಾಗಲಿಲ್ಲ; ಅವನ ಕಣ್ಣಿಗೆ ಬಿದ್ದದ್ದು ಕೌಸಲ್ಯತ್ತೆ ಉಡಿಸಿದ ಸೀರೆ ಮಾತ್ರ.

"ಬೇಡ" ಎಂದ.